ಮೂರು ಗಿಟಾರ್ ಆಲ್ಬಂ, ಮೂರು ಕವರ್: ದುಡ್ಡು ಹಾಕುವುದಾದರೆ ಜೆಫ್ ಬೆಕ್ ಮೇಲೆ

ಗಿಟಾರ್ ಕಲಿಯುವವರು ಒಂದೇ ಒಂದು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಕೊಳ್ಳುವುದಾದರೆ ಇಂಗ್ಲಿಷ್ ರಾಕ್ ಗಿಟಾರ್ ವಾದಕ ಜೆಫ್ ಬೆಕ್‌ನ 'ಬ್ಲೋ ಬೈ ಬ್ಲೋ' (1975) ಕೊಳ್ಳಲಿ. ಇಂಗ್ವೇ ಮಾಲ್ಮ್‌ಸ್ಟೀನ್‌ನ 'ರೈಸಿಂಗ್ ಫೋರ್ಸ್' (1984), ಜೋ ಸ್ಯಾಟ್ರಿಯಾನಿಯ 'ಸರ್ಫಿಂಗ್ ವಿತ್ ದಿ ಏಲಿಯನ್' (1987) ಎರಡನ್ನೂ ಇದರ ಜೊತೆಗಿಟ್ಟು ಕೇಳಿದ ಮೇಲೂ ನನ್ನ ಆಯ್ಕೆ ಇದೇ. ಆದರೆ ಮೂರರಲ್ಲಿ ಕಲಿಯುವವರನ್ನು ದಾರಿ ತಪ್ಪಿಸುವ ಕವರ್ ಕೂಡ ಇದರದ್ದೇ.

'ರೈಸಿಂಗ್ ಫೋರ್ಸ್' ಕವರ್ ಏನನ್ನೂ ಮುಚ್ಚಿಡುವುದಿಲ್ಲ. ಬೆಂಕಿ, ಗಿಟಾರ್ ಹಿಡಿದ ಕೈ. ಒಳಗಿರುವುದೂ ಅಷ್ಟೇ ನೇರ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಸ್ವರಗಳ ಗುರುತು ಬೇಗ ಹತ್ತುತ್ತದೆ. ಹೆಚ್ಚಿನ ಕಡೆ ಹಾರ್ಮೋನಿಕ್ ಮೈನರ್, ಅಂದರೆ ಕೀರವಾಣಿಯ ಸ್ವರಗಳು. ಸ್ವರ ಅದೇ ಆದರೂ ಗಮಕಕ್ಕೆ ಜಾಗವಿಲ್ಲ. 'ಬ್ಲ್ಯಾಕ್ ಸ್ಟಾರ್' ಶುರುವಾಗುವ ಬಗೆ ಚೆಂದ, ಆಮೇಲೆ ವೇಗದ್ದೇ ಕಾರುಬಾರು. ಇದನ್ನು ಕೇಳಿ ಮಾಲ್ಮ್‌ಸ್ಟೀನ್‌ನಂತೆ ಗಿಟಾರ್ ಕತ್ತಿನ ಫ್ರೆಟ್‌ಗಳ (ಲೋಹದ ಅಡ್ಡಪಟ್ಟಿಗಳ) ನಡುವಿನ ಮರ ಕೆತ್ತಿಸಲು ಹೊರಡುವವರಿಗೆ ಒಂದು ಮಾತು: ಕೆತ್ತಿದ ನೆಕ್‌ನಲ್ಲಿ (ಕತ್ತಿನಲ್ಲಿ) ಬೆರಳು ತುಸು ಹೆಚ್ಚು ಒತ್ತಿದರೂ ಶ್ರುತಿ ಏರುತ್ತದೆ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದಾಗ ಇದು ಇನ್ನೂ ಎದ್ದು ಕಾಣುತ್ತದೆ.

'ಸರ್ಫಿಂಗ್' ಕವರ್ ನನಗೆ ಬಹಳ ಇಷ್ಟ. ಮಾರ್ವೆಲ್ ಕಾಮಿಕ್ಸ್‌ಗಾಗಿ ಜಾನ್ ಬರ್ನ್ ಬರೆದ ಸಿಲ್ವರ್ ಸರ್ಫರ್ ಅಲ್ಲಿದ್ದಾನೆ, ಗಿಟಾರ್ ವಾದಕನಿಗೆ ಮುಖ್ಯ ಜಾಗವಿಲ್ಲ. ಸಂಗೀತವೂ ಹಾಗೆಯೇ, ಹಾಡಿಕೊಳ್ಳಬಹುದಾದ ಧಾಟಿ ಮೊದಲು, ಕೈಚಳಕ ಆಮೇಲೆ. 'ಆಲ್ವೇಸ್ ವಿತ್ ಮಿ, ಆಲ್ವೇಸ್ ವಿತ್ ಯು' ಬಿ ಮೇಜರ್‌ನಿಂದ ಬಿ ಮೈನರ್‌ಗೆ ಹೊರಳುವಾಗ ಆಧಾರ ಷಡ್ಜ ಅಲ್ಲಾಡುವುದಿಲ್ಲ, ಮೇಲಿನ ಸ್ವರಗಳಷ್ಟೇ ಬದಲಾಗುತ್ತವೆ. ಡ್ರಮ್ಸ್ ಬಹುಪಾಲು ಮಷಿನ್‌ನದು, ಅದೊಂದು ಕೊರತೆ. ಕವರ್‌ಗಾಗಿಯೇ ಕೊಳ್ಳುವವರು ಮಾರುವವರಿಂದ ತಮಗೆ ಬರುವ ಪ್ರತಿಯ ಫೋಟೋ ಕೇಳಿ ತರಿಸಿಕೊಳ್ಳಬೇಕು. ಮಾರ್ವೆಲ್ ಪರವಾನಗಿ ಮುಗಿದ ನಂತರದ ಮರುಮುದ್ರಣಗಳಲ್ಲಿ ಸರ್ಫರ್ ಇಲ್ಲ.

ಇನ್ನು 'ಬ್ಲೋ ಬೈ ಬ್ಲೋ'. ನಿರ್ಮಾಪಕ ಜಾರ್ಜ್ ಮಾರ್ಟಿನ್. ಕವರ್ ಜಾನ್ ಕಾಲಿಯರ್ ಬರೆದ ವರ್ಣಚಿತ್ರ, ಅದರಲ್ಲಿ ಬೆಕ್ ಕೈಯಲ್ಲಿರುವುದು ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್. ತೊಡಕು ಶುರುವಾಗುವುದು ಇಲ್ಲೇ. ಎಲ್ಲರೂ ಕಲಿಯಲು ಹಂಬಲಿಸುವ 'ಕಾಸ್ ವಿ ಹ್ಯಾವ್ ಎಂಡೆಡ್ ಆ್ಯಸ್ ಲವರ್ಸ್' ನುಡಿಸಿದ್ದು ಆ ಗಿಟಾರ್‌ನಲ್ಲಲ್ಲ. ಪಿಕಪ್ ತಯಾರಕ ಸೀಮೋರ್ ಡಂಕನ್ ಎರಡು ಸುರುಳಿಯ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸಿ ಕೊಟ್ಟ, ಫೆಂಡರ್ ಕಂಪನಿಯ ಟೆಲಿಕಾಸ್ಟರ್‌ನಲ್ಲಿ. ಸುಳಿವು ಇರುವುದು ಕವರ್‌ನ ಹಿಂಬದಿಯಲ್ಲಿ: ಆ ಹಾಡನ್ನು ಅರ್ಪಿಸಿರುವುದು ಟೆಲಿಕಾಸ್ಟರ್ ವಾದಕ ರಾಯ್ ಬ್ಯುಕ್ಯಾನನ್‌ಗೆ. ಮುಂಬದಿ ನೋಡಿ ಲೆಸ್ ಪಾಲ್‌ಗೆ ದುಡ್ಡು ಸುರಿಯುವವರು ಹಿಂಬದಿಯ ಆ ಒಂದು ಸಾಲು ಓದಿದ್ದರೆ ಸಾಕಿತ್ತು.

ವ್ಯತ್ಯಾಸ ಕೈಗೇ ತಿಳಿಯುತ್ತದೆ. ಆ ಹಾಡಿನಲ್ಲಿ ಸ್ವರ ಮೌನದಿಂದ ಮೆಲ್ಲನೆ ಉಬ್ಬಿ ಬರಬೇಕು. ವಾಲ್ಯೂಮ್ ನಾಬ್ ಸೊನ್ನೆಯಲ್ಲಿರುವಾಗ ತಂತಿ ಮೀಟಿ, ಮೀಟಿದ ಸದ್ದು ಅಡಗಿದ ಮೇಲೆ ಕಿರುಬೆರಳಿನಿಂದ ನಾಬ್ ತಿರುಗಿಸಬೇಕು. ಟೆಲಿಕಾಸ್ಟರ್‌ನಲ್ಲಿ ನಾಬ್ ಕಿರುಬೆರಳಿನ ಪಕ್ಕದಲ್ಲೇ ಇರುತ್ತದೆ. ಲೆಸ್ ಪಾಲ್‌ನಲ್ಲಿ ಅದು ದೂರ. ಕೈ ಜರುಗಿಸಿದರೆ ಮೀಟುವ ಲಯ ತಪ್ಪುತ್ತದೆ.

ಎರಡನೆಯ ಕಿರಿಕಿರಿ: ವಾಲ್ಯೂಮ್ ಇಳಿಸಿದರೆ ತಾರದ ಹೊಳಪು ಮಾಯವಾಗಿ ಸ್ವರ ಮಂಕಾಗುತ್ತದೆ. ಇದಕ್ಕೆ ಖರ್ಚು ಕಡಿಮೆ. ವಾಲ್ಯೂಮ್ ನಾಬ್‌ನ ಅಡಿಯಲ್ಲಿರುವ 500ಕೆ ಪಾಟ್‌ನ (ತಿರುಗಿಸಿ ಬದಲಿಸುವ ರೆಸಿಸ್ಟರ್) ಇನ್‌ಪುಟ್ ಕಾಲು ಮತ್ತು ನಡುವಿನ ಕಾಲಿನ ನಡುವೆ 0.001 ಮೈಕ್ರೊಫ್ಯಾರಡ್ ಕೆಪಾಸಿಟರ್ (ಮೇಲೆ 102 ಎಂದಿರುತ್ತದೆ), ಅದಕ್ಕೆ ಸಮಾಂತರವಾಗಿ 150ಕೆ ರೆಸಿಸ್ಟರ್ ಬೆಸುಗೆ ಹಾಕಿಸಿ. ಕೆಪಾಸಿಟರ್ ಒಂದನ್ನೇ ಹಾಕಿದರೆ ಕಡಿಮೆ ವಾಲ್ಯೂಮ್‌ನಲ್ಲಿ ಸದ್ದು ತೆಳುವಾಗಿ ಚುಚ್ಚುತ್ತದೆ. ರೆಸಿಸ್ಟರ್ ಹಾಕಿದ ಮೇಲೆ ನಾಬ್ ಏರುವ ಬಗೆ ತುಸು ಬದಲಾಗುತ್ತದೆ, ಕಿರುಬೆರಳಿಗೆ ಹೊಸದಾಗಿ ಅಭ್ಯಾಸ ಮಾಡಿಸಬೇಕು.

ಇಷ್ಟಾದರೂ ಇದೇ ನನ್ನ ಆಯ್ಕೆ, ಏಕೆಂದರೆ ಕಲಿಯಲು ವೇಗ ಬೇಕಿಲ್ಲ. ಇರುವ ಗಿಟಾರ್‌ನಲ್ಲೇ, ಮನೆಯವರು ಮಲಗಿದ ಮೇಲೆ ಸಣ್ಣ ಆ್ಯಂಪ್‌ನಲ್ಲೂ ಇದರ ನಾಲ್ಕು ಸ್ವರ ಹಿಡಿದು ಕೂರಬಹುದು. ರಾತ್ರಿ ಮೆಲ್ಲಗೆ ನುಡಿಸುವ ನನ್ನಂಥವರಿಗೆ ಮಾಲ್ಮ್‌ಸ್ಟೀನ್‌ನ ಅಬ್ಬರ ಒಗ್ಗುವುದಿಲ್ಲ, ಅದನ್ನು ಫೋನ್‌ನಲ್ಲಿ ಕೇಳಿದರೆ ಸಾಕು. ಸ್ಯಾಟ್ರಿಯಾನಿಯದು ಸರ್ಫರ್ ಇರುವ ಹಳೆಯ ಸಿಡಿ ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಎಲ್‌ಪಿಯ ದುಡ್ಡು ಬೆಕ್‌ಗೇ ಇರಲಿ, ಆ ಹಿಂಬದಿಯ ಸಾಲು ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಇರುವುದು ಅದರಲ್ಲೇ.