ಹೆರಿಗೆಗೆ ತವರಿಗೆ ಬಂದವರೇ, ತಾಯಿ ಕಾರ್ಡ್ ಇಲ್ಲವೆಂದರೆ ಆಸ್ಪತ್ರೆ ಬಿಟ್ಟು ಹೊರಡಬೇಡಿ

ಚೊಚ್ಚಲ ಹೆರಿಗೆಗೆ ತಂಗಿ ತವರಿಗೆ ಬಂದಿದ್ದಳು. ಬಸುರಿಯ ತಪಾಸಣೆಯ ವಿವರ ಬರೆಯುವ ಸರ್ಕಾರಿ ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಲ್ಲಿ. ಏನೋ ಎಂಟ್ರಿ ಬಾಕಿ ಇದೆಯೆಂದು ಅದು ಅಲ್ಲೇ ಉಳಿದಿತ್ತು. ರಾತ್ರಿ ನೋವು ಶುರುವಾಗಿ ತಾಲೂಕು ಆಸ್ಪತ್ರೆಗೆ ಹೋದರೆ ಸಿಸ್ಟರ್ ಮೊದಲು ಕೇಳಿದ್ದೇ ಕಾರ್ಡ್. "ಕಾರ್ಡ್ ಇಲ್ದೆ ಹೇಗಮ್ಮ ಅಡ್ಮಿಟ್ ಮಾಡ್ಕೊಳ್ಳೋದು? ತರಿಸಿ, ಆಮೇಲೆ ನೋಡೋಣ." ತಂಗಿಗೆ ಕೂರಲೂ ಆಗುತ್ತಿರಲಿಲ್ಲ. ಬೆಂಚಿನ ತುದಿ ಹಿಡಿದು ನಿಂತಿದ್ದಳು. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಬಿಪಿ ಆದ್ರೂ ನೋಡಿ ಸಿಸ್ಟರ್ ಎಂದು ಅಮ್ಮ ಬೇಡಿಕೊಂಡರು. ಯಾರೂ ಹತ್ತಿರ ಬರಲಿಲ್ಲ.

ಅವಳ ಗಂಡ ಕಾರ್ಡ್ ಹುಡುಕಿಸಿ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ ಮೇಲೆ ಬಿಪಿ ನೋಡಿದರು. ಸಿಕ್ಕಾಪಟ್ಟೆ ಜಾಸ್ತಿ ಇತ್ತು. ಕೂಡಲೇ ಮಾತು ಬದಲಾಯಿತು: "ಇಲ್ಲಿ ಆಗಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ. ಗಾಡಿ ನೀವೇ ನೋಡ್ಕೊಳ್ಳಿ." ಒಂದು ಚೀಟಿಯೂ ಇಲ್ಲ. ಗೇಟಿನ ಹತ್ತಿರ ಖಾಸಗಿ ಆಂಬುಲೆನ್ಸ್‌ನವನು ಕೇಳಿದಷ್ಟು ಕೊಟ್ಟು ಹೊರಟೆವು. ಜಿಲ್ಲಾಸ್ಪತ್ರೆಯಲ್ಲಿ, ಬಿಪಿ ಎಷ್ಟಿತ್ತು, ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ ಎಂದು ಕೇಳುತ್ತಾ ಎಲ್ಲಾ ಮೊದಲಿಂದ ಶುರು. ತಾಯಿ, ಮಗು ಇಬ್ಬರೂ ಉಳಿದರು, ನಮ್ಮ ಪುಣ್ಯ.

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಏನಾಯಿತು, ನೆನಪಿದೆ ಅಲ್ವಾ? ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ವಾಪಸ್ ಬಂದ ಬಸುರಿ ಮನೆಯಲ್ಲೇ ಹೆತ್ತು, ಅವಳಿ ಕೂಸುಗಳ ಜೊತೆ ತೀರಿಹೋದಳು. ತುರ್ತು ಚಿಕಿತ್ಸೆಗೆ ದಾಖಲೆ ಕೇಳಿ ವಾಪಸ್ ಕಳಿಸುವಂತಿಲ್ಲ ಎಂದು ಆಗಲೇ ಸರ್ಕಾರ ಹೇಳಿದೆ. ಇದನ್ನು ಗಟ್ಟಿಯಾಗಿ ಹೇಳಿ, ಅಲ್ಲೇ ಕೂತುಬಿಡಿ. ಕಾರ್ಡ್ ಬೇಡವೆಂದು ನಾನು ಹೇಳುತ್ತಿಲ್ಲ. ರಕ್ತದ ಗುಂಪು, ಹಿಂದಿನ ಬಿಪಿ ಎಲ್ಲಾ ಅದರಲ್ಲೇ ಇರುತ್ತದೆ. ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿರಲಿ. ತವರಿಗೆ ಬಂದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ.

ಇನ್ನು ಗಾಡಿ ವಿಷಯ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತ. ಬಿಪಿಎಲ್ ಕಾರ್ಡ್ ಇರಲೇಬೇಕು ಅಂತಿಲ್ಲ. ರೆಫರ್ ಮಾಡಿದರೆ ಗಾಡಿ ಕೊಡುವುದೂ ಅವರದೇ ಹೊಣೆ. ಬಿಪಿ, ಕೊಟ್ಟ ಇಂಜೆಕ್ಷನ್, ಸಮಯ ಬರೆದ ರೆಫರ್ ಚೀಟಿ ಕೈಗೆ ಬರುವ ತನಕ ಗೇಟು ದಾಟಬೇಡಿ. ಗಾಡಿ ಇಲ್ಲ ಅಂದರೆ ಅಲ್ಲಿಂದಲೇ 108ಕ್ಕೆ ಫೋನ್ ಮಾಡಿ. ಸತಾಯಿಸಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಕೊಡಿ. ಡಿಸ್ಚಾರ್ಜ್ ದಿನ ಮನೆಗೆ ಬಿಡುವ ಗಾಡಿಯೂ ಉಚಿತ. ನಮಗೆ ಯಾರೂ ಹೇಳಲೇ ಇಲ್ಲ, ನೀವು ಕೇಳಿ ಪಡೆಯಿರಿ.