ಬ್ಯಾನ್ ಮಾಡುವುದೂ ಒಂದು ಸೇವೆ: ಆಟದ ಕಂಪನಿಗಳ ನಿಷೇಧ ಮತ್ತು ಮೇಲ್ಮನವಿ ವ್ಯವಸ್ಥೆಯ ವಿಮರ್ಶೆ

ಆನ್‌ಲೈನ್ ಆಟವೊಂದರ ವಿಮರ್ಶೆ ಎಂದರೆ ಸಾಮಾನ್ಯವಾಗಿ ಗ್ರಾಫಿಕ್ಸ್, ಸರ್ವರ್‌ನ ವೇಗ, ಆಟದೊಳಗಿನ ಖರೀದಿಯ ದರ ಇವುಗಳ ಲೆಕ್ಕಾಚಾರ. ಖಾತೆ ಬ್ಯಾನ್ ಆದ ದಿನ ಕಂಪನಿ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿಷಯವನ್ನು ವಿಮರ್ಶಕರು ಮುಟ್ಟುವುದೇ ಅಪರೂಪ. ಬ್ಯಾನ್ ಆದವನು ಮೋಸಗಾರನೇ ಇರಬೇಕು, ಅವನಿಗೇಕೆ ಗ್ರಾಹಕ ಸೇವೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ತಾನಾಗಿಯೇ ಗುರಿ ಹಿಡಿಯುವ ಏಮ್‌ಬಾಟ್, ಗೋಡೆಯಾಚೆಗಿನವರನ್ನು ತೋರಿಸುವ ವಾಲ್‌ಹ್ಯಾಕ್‌ನಂಥ ಚೀಟ್‌ಗಳನ್ನು (ಮೋಸದ ತಂತ್ರಾಂಶಗಳನ್ನು) ಹಾಕಿಕೊಂಡು ಉಳಿದವರ ಆಟ ಕೆಡಿಸುವವನನ್ನು ಹೊರಗೆ ಹಾಕಲೇಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ನಿಷೇಧ ಹೇರುವುದು, ಅದನ್ನು ತಿಳಿಸುವುದು, ಅದರ ವಿರುದ್ಧದ ಮೇಲ್ಮನವಿಯನ್ನು ಕೇಳುವುದು ಇವೆಲ್ಲವೂ ನಾವು ಹಣ ಕೊಟ್ಟು ಪಡೆಯುವ ಸೇವೆಯ ಭಾಗಗಳೇ. ಕೆಲವು ದೊಡ್ಡ ಕಂಪನಿಗಳ ವ್ಯವಸ್ಥೆಯನ್ನು ನಾನು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದ್ದೇನೆ: ತಪ್ಪಾಗಿ ಸಿಕ್ಕಿಬಿದ್ದ ಆಟಗಾರನೊಬ್ಬ ಒಂಟಿಯಾಗಿ ದೂರು ತಂದರೆ ಅದನ್ನು ಓದುವವರು ಅಲ್ಲಿದ್ದಾರೆಯೇ?

ಮೊದಲು, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಮಳಿಗೆ ನಡೆಸುವ ವಾಲ್ವ್. ಕೌಂಟರ್-ಸ್ಟ್ರೈಕ್ ಆಟದೊಂದಿಗೆ 2002ರಲ್ಲಿ ಬಳಕೆಗೆ ಬಂದ ಅದರ 'ವ್ಯಾಕ್' ಎಂಬ ಚೀಟ್ ಪತ್ತೆ ವ್ಯವಸ್ಥೆಯ ನಿಯಮ ಬಹಳ ಕಠಿಣ. ಬ್ಯಾನ್ ಶಾಶ್ವತ, ಅದರ ಬಗ್ಗೆ ಚೌಕಾಸಿ ಇಲ್ಲ, ಸಪೋರ್ಟ್ ಸಿಬ್ಬಂದಿಯೂ ಅದನ್ನು ತೆಗೆಯಲಾರರು; ತಪ್ಪಾಗಿದೆ ಎಂದು ಕಂಪನಿಗೆ ಕಂಡುಬಂದರೆ ತಾನಾಗಿಯೇ ತೆರವಾಗುತ್ತದೆ. ಚೀಟ್ ಪತ್ತೆಯಾದ ಕೂಡಲೇ ಬ್ಯಾನ್ ಮಾಡದೆ, ಕೆಲವು ಕಾಲ ಸುಮ್ಮನಿದ್ದು ನಂತರ ಸಾಮೂಹಿಕವಾಗಿ ಹೊರಹಾಕುವ ಪದ್ಧತಿಯೂ ಇದೆ. ತಕ್ಷಣ ಹೊರಹಾಕಿದರೆ ತನ್ನ ಚೀಟ್‌ನ ಯಾವ ಆವೃತ್ತಿ ಸಿಕ್ಕಿಬಿದ್ದಿತು ಎಂದು ಅದನ್ನು ಮಾರುವವನಿಗೆ ಅಂದೇ ತಿಳಿದುಹೋಗುತ್ತದೆ, ಆದ್ದರಿಂದ ಈ ವಿಳಂಬ ಸಮರ್ಥನೀಯವೇ. ಆದರೆ ಅದರಿಂದ ಅಮಾಯಕನಿಗೆ ಆಗುವ ತೊಂದರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಂದೋ ಆಡಿದ ಆಟಕ್ಕೆ ಇಂದು ಶಿಕ್ಷೆಯಾದರೆ, ಆ ದಿನ ಗಣಕದಲ್ಲಿ ಯಾವ ಯಾವ ತಂತ್ರಾಂಶ ನಡೆಯುತ್ತಿತ್ತು ಎಂದು ಯಾರು ತಾನೇ ನೆನಪಿಟ್ಟುಕೊಂಡಾರು?

ಈ ವ್ಯವಸ್ಥೆ ಎಡವಿದ ಉದಾಹರಣೆಗಳೂ ಇವೆ. 2010ರ ಜುಲೈನಲ್ಲಿ 'ಮಾಡರ್ನ್ ವಾರ್‌ಫೇರ್ 2' ಆಡುತ್ತಿದ್ದ ಸುಮಾರು 12,000 ಖಾತೆಗಳು ಎರಡು ವಾರಗಳ ಅವಧಿಯಲ್ಲಿ ತಪ್ಪಾಗಿ ಬ್ಯಾನ್ ಆದವು. ಸ್ಟೀಮ್ ತಾನೇ ಡಿಸ್ಕ್‌ನಲ್ಲಿದ್ದ ಡಿಎಲ್‌ಎಲ್ ಕಡತವೊಂದನ್ನು (ತಂತ್ರಾಂಶದ ಒಂದು ಭಾಗವನ್ನು) ಅಪ್‌ಡೇಟ್ ಮಾಡಿತ್ತು, ಆದರೆ ಮೆಮೊರಿಯಲ್ಲಿ ಅದೇ ಕಡತದ ಹಳೆಯ ಪ್ರತಿ ಉಳಿದುಕೊಂಡಿತ್ತು. ಎರಡೂ ತಾಳೆಯಾಗದಿದ್ದಾಗ ಆಟಗಾರ ಕೈಚಳಕ ತೋರಿಸಿದ್ದಾನೆ ಎಂದು ಯಂತ್ರ ತೀರ್ಮಾನಿಸಿತು. ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಕ್ಷಮೆ ಕೇಳಿದರು, ಕಾರಣವನ್ನು ಬಿಡಿಸಿ ಹೇಳಿದರು, ತೊಂದರೆಗೊಳಗಾದವರಿಗೆ 'ಲೆಫ್ಟ್ 4 ಡೆಡ್ 2' ಆಟವನ್ನು ಉಚಿತವಾಗಿ ಕೊಟ್ಟರು. 2023ರ ಅಕ್ಟೋಬರ್‌ನಲ್ಲಿ ಎಎಂಡಿ ಕಂಪನಿಯ ಗ್ರಾಫಿಕ್ಸ್ ಡ್ರೈವರ್‌ನಲ್ಲಿ, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ, ಇದ್ದ 'ಆಂಟಿ-ಲ್ಯಾಗ್ ಪ್ಲಸ್' ಸೌಲಭ್ಯ ಕೌಂಟರ್-ಸ್ಟ್ರೈಕ್ 2ರ ಎಂಜಿನ್‌ನೊಳಗೆ ಕೈಹಾಕುತ್ತಿದ್ದ ಕಾರಣ ಅದನ್ನು ಚಾಲೂ ಮಾಡಿಕೊಂಡವರು ಬ್ಯಾನ್ ಆದರು. ಎಎಂಡಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು, ವಾಲ್ವ್ ಬ್ಯಾನ್‌ಗಳನ್ನು ತೆರವು ಮಾಡಿತು. ತಪ್ಪನ್ನು ಒಪ್ಪಿಕೊಂಡ ರೀತಿಗೆ ವಾಲ್ವ್‌ಗೆ ಪೂರ್ಣ ಅಂಕ ಕೊಡಬೇಕು. ಆದರೂ ಒಂದು ಮಾತು ಉಳಿಯುತ್ತದೆ. ಈ ಆಟಗಾರರ ದೂರು ಕೇಳಿಸಿದ್ದು ಅವರು ಸಾವಿರಾರು ಮಂದಿ ಇದ್ದುದರಿಂದ, ಅವರೆಲ್ಲರ ದೋಷದ ಮೂಲ ಒಂದೇ ಆಗಿದ್ದುದರಿಂದ. ಬೇರೆ ಯಾರಲ್ಲೂ ಇಲ್ಲದ ಹಳೆಯ ಡ್ರೈವರ್ ಒಬ್ಬನ ಗಣಕದಲ್ಲಿ ಮಾತ್ರ ಅದೇ ಗೊಂದಲ ಉಂಟುಮಾಡಿದ್ದರೆ ಅವನ ಪ್ರೊಫೈಲ್ ಮೇಲೆ ಎಲ್ಲರಿಗೂ ಕಾಣುವಂತೆ ಆ ಬ್ಯಾನ್ ಇಂದಿಗೂ ಹಾಗೆಯೇ ಉಳಿದಿರುತ್ತಿತ್ತು.

ಒಂಟಿ ದೂರುಗಳ ಗತಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಂಪನಿಯ ಹೆಸರು ಇಲ್ಲಿ ಬೇಡ. ಪರಿಚಿತರೊಬ್ಬರ ಖಾತೆಯನ್ನು ಕದ್ದವರು ಅದರಲ್ಲಿ ಚೀಟ್ ಹಾಕಿ ಆಡಿದ್ದರು. ಅಪೀಲಿನ ಫಾರ್ಮ್‌ನಲ್ಲಿ ಕಾರಣ ಆರಿಸುವ ಪಟ್ಟಿಯಿತ್ತು, ಆದರೆ ಅದರಲ್ಲಿ 'ಆ ಹೊತ್ತಿನಲ್ಲಿ ಆಡಿದ್ದು ನಾನಲ್ಲ' ಎಂಬುದಕ್ಕೆ ಹೊಂದುವ ಆಯ್ಕೆಯೇ ಇರಲಿಲ್ಲ. ಕೊನೆಗೆ 'ಇತರೆ' ಆರಿಸಿ ವಿವರವಾಗಿ ಬರೆದರೆ, ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು: ಖಾತೆಯನ್ನು ಸಮಗ್ರವಾಗಿ ಪರಿಶೀಲಿಸಲಾಗಿದೆ, ನಿರ್ಧಾರ ಸರಿಯಾಗಿದೆ, ಭದ್ರತೆಯ ಕಾರಣದಿಂದ ವಿವರ ನೀಡಲಾಗದು, ಟಿಕೆಟ್ (ದೂರಿನ ಕಡತ) ಮುಚ್ಚಲಾಗಿದೆ. ಅಷ್ಟು ಬೇಗ ಯಾವ ಮನುಷ್ಯನೂ ಏನನ್ನೂ ಸಮಗ್ರವಾಗಿ ಪರಿಶೀಲಿಸಲಾರ. ಅಪರಿಚಿತ ಸಾಧನದಿಂದ ಲಾಗಿನ್ ಆಗಿದ್ದ ದಾಖಲೆ ಆ ಕಂಪನಿಯ ಬಳಿಯೇ ಇತ್ತು, ಅದರ ಬಗ್ಗೆ ಎಚ್ಚರಿಕೆಯ ಇಮೇಲ್ ಕಳಿಸಿದ್ದೂ ಅದೇ ಕಂಪನಿ.

ಭದ್ರತೆಯ ಕಾರಣ ಎಂಬ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚೀಟನ್ನು ಹೇಗೆ ಪತ್ತೆ ಮಾಡಿದೆವು ಎಂಬುದನ್ನು ಕಂಪನಿ ಹೇಳಬೇಕಾಗಿಲ್ಲ, ಹೇಳಲೂಬಾರದು. ಆದರೆ ಯಾವ ದಿನದ ಯಾವ ಪಂದ್ಯ, ಯಾವ ನಿಯಮದ ಉಲ್ಲಂಘನೆ, ದೋಷ ಕಂಡದ್ದು ಗಣಕದಲ್ಲಿದ್ದ ತಂತ್ರಾಂಶದಲ್ಲೋ, ಆಟದ ರೀತಿಯಲ್ಲೋ, ಚಾಟ್‌ನಲ್ಲಿ ಆಡಿದ ಮಾತಿನಲ್ಲೋ ಎಂಬುದು ಪತ್ತೆಯ ವಿಧಾನವಲ್ಲ, ಆರೋಪ. ವಿಧಾನವನ್ನು ಮುಚ್ಚಿಡುವ ನೆಪದಲ್ಲಿ ಆರೋಪವನ್ನೇ ಮುಚ್ಚಿಟ್ಟರೆ ಆಟಗಾರ ಯಾವುದಕ್ಕೆ ಉತ್ತರ ಕೊಡಬೇಕು? ಸಾಕ್ಷ್ಯವನ್ನು ತೋರಿಸಲು ಸಾಧ್ಯವೇ ಇಲ್ಲ ಎಂಬ ವಾದವೂ ನಿಲ್ಲುವುದಿಲ್ಲ. 2013ರಲ್ಲಿ ವಾಲ್ವ್ ತಂದ 'ಓವರ್‌ವಾಚ್' ಏರ್ಪಾಡಿನಲ್ಲಿ ಶಂಕಿತನ ಪಂದ್ಯದ ಮರುಪ್ರಸಾರವನ್ನು, ಹೆಸರು ಮರೆಮಾಡಿ, ಅನುಭವಿ ಆಟಗಾರರಿಗೆ ತೋರಿಸಿ ತೀರ್ಪು ಕೇಳಲಾಗುತ್ತಿತ್ತು. 'ಲೀಗ್ ಆಫ್ ಲೆಜೆಂಡ್ಸ್' ಆಟದ ಕಂಪನಿ ರಯಟ್ ಗೇಮ್ಸ್ 2011ರಲ್ಲಿ ಆರಂಭಿಸಿ 2014ರಲ್ಲಿ ನಿಲ್ಲಿಸಿದ 'ಟ್ರಿಬ್ಯೂನಲ್' ಕೂಡ ದೂರಿಗೆ ಒಳಗಾದವರ ಚಾಟ್ ದಾಖಲೆಗಳನ್ನು ಇತರ ಆಟಗಾರರ ಮುಂದಿಟ್ಟು ಮತ ಹಾಕಿಸುತ್ತಿತ್ತು. ಅಪರಿಚಿತರ ಮುಂದೆ ಇಡಬಹುದಾದ ಸಾಕ್ಷ್ಯವನ್ನು ಆರೋಪಿಯ ಮುಂದೆ ಮಾತ್ರ ಇಡಬಾರದು ಎಂಬುದರ ತರ್ಕ ನನಗಂತೂ ಅರ್ಥವಾಗಿಲ್ಲ.

ಇನ್ನು, ಗುಟ್ಟು ಕಾಪಾಡುವುದರಿಂದ ವ್ಯವಸ್ಥೆ ಸುರಕ್ಷಿತವಾಗಿಯೇ ಇರುತ್ತದೆ ಎಂಬ ನಂಬಿಕೆಯೂ ಅಲುಗಾಡಿದೆ. 2024ರ ಅಕ್ಟೋಬರ್‌ನಲ್ಲಿ 'ಕಾಲ್ ಆಫ್ ಡ್ಯೂಟಿ' ಆಟಗಳ ಕಂಪನಿ ಆಕ್ಟಿವಿಷನ್ ತನ್ನ 'ರಿಕೋಶೆ' ಎಂಬ ಚೀಟ್ ತಡೆ ವ್ಯವಸ್ಥೆಯ ಪತ್ತೆ ವಿಧಾನವೊಂದು ದುರುಪಯೋಗವಾಗಿ ಕೆಲವು ಪ್ರಾಮಾಣಿಕ ಆಟಗಾರರ ಖಾತೆಗಳಿಗೆ ತೊಂದರೆಯಾಯಿತು ಎಂದು ಒಪ್ಪಿಕೊಂಡು ಅವನ್ನು ಮರಳಿಸಿತು. ಇದನ್ನು ಮಾಡಿದೆನೆಂದು ಹೇಳಿಕೊಂಡವನ ಪ್ರಕಾರ, ಚೀಟ್‌ಗಳಲ್ಲಿ ಕಂಡುಬರುವ ಪದವೊಂದನ್ನು ಸಂದೇಶವಾಗಿ ಕಳಿಸಿದರೆ ಸಾಕಿತ್ತು. ಆ ಪದ ಮೆಮೊರಿಯಲ್ಲಿ ಕಂಡ ಕೂಡಲೇ ಸಂದೇಶ ಪಡೆದವನು ಬ್ಯಾನ್ ಆಗುತ್ತಿದ್ದ. ಆ ಖಾತೆದಾರರಿಗೆ ತಾವು ಏನು ಮಾಡಿದೆವು ಎಂಬುದು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಅವರು ಏನನ್ನೂ ಮಾಡಿರಲಿಲ್ಲ.

ನಾನು ನೋಡಿದವುಗಳಲ್ಲಿ ತಿಳಿಸುವ ಕ್ರಮ ಅತ್ಯಂತ ಸ್ಪಷ್ಟವಾಗಿರುವುದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ನಲ್ಲಿ. 2023ರ ಆಗಸ್ಟ್‌ನಲ್ಲಿ ಬಂದ ಸ್ಟ್ರೈಕ್ (ತಪ್ಪಿನ ಅಂಕ) ಪದ್ಧತಿಯ ಪ್ರಕಾರ ಅಸಭ್ಯ ಮಾತಿಗೆ ಒಂದು, ಕಿರುಕುಳಕ್ಕೆ ಎರಡು, ದ್ವೇಷದ ಮಾತಿಗೆ ಮೂರು ಸ್ಟ್ರೈಕ್. ಪ್ರತಿಯೊಂದೂ ಆರು ತಿಂಗಳು ದಾಖಲೆಯಲ್ಲಿರುತ್ತದೆ. ಎಂಟು ತುಂಬಿದರೆ ಚಾಟ್, ಒಟ್ಟಾಗಿ ಆಡುವುದು ಮುಂತಾದ ಸೌಲಭ್ಯಗಳು ಒಂದು ವರ್ಷ ಸಿಗುವುದಿಲ್ಲ. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಆಟಗಾರನಿಗೆ ಮೊದಲೇ ಗೊತ್ತಿರುತ್ತದೆ. ಇದು ಮುಖ್ಯವಾಗಿ ನಡವಳಿಕೆಗೆ ಸಂಬಂಧಿಸಿದ ವ್ಯವಸ್ಥೆ, ಚೀಟ್ ಪತ್ತೆಯಷ್ಟು ಜಟಿಲವಲ್ಲ ಎಂಬ ರಿಯಾಯಿತಿಯನ್ನು ಕೊಟ್ಟರೂ ಉಳಿದವರು ಇದರಿಂದ ಕಲಿಯಬೇಕಾದದ್ದು ಬಹಳ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿ 17ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದು, ಬಳಕೆದಾರರು ಹಾಕುವ ವಿಷಯದ ಕಾರಣಕ್ಕೆ ಖಾತೆ ತಡೆಹಿಡಿದರೆ ಕಾರಣ ಕೊಡಬೇಕು, ದೂರಿನ ನಿರ್ಧಾರವನ್ನು ಯಂತ್ರಕ್ಕಷ್ಟೇ ಬಿಡಬಾರದು ಎಂದು ವಿಧಿಸಿದೆ. ಕಾನೂನು ಹೇಳಿಸುವ ಮೊದಲೇ ಕಂಪನಿಗಳು ಇದನ್ನು ಮಾಡಬಹುದಿತ್ತು.

ಗಣಕಕ್ಕೇ ಬ್ಯಾನ್ ಹಾಕುವ ಕ್ರಮ ನನಗೆ ಅತ್ಯಂತ ಒರಟಾಗಿ ಕಾಣುತ್ತದೆ. ರಯಟ್‌ನ ವ್ಯಾಲರಂಟ್ ಆಟದಲ್ಲಿ 'ವ್ಯಾನ್ 152' ಎಂಬ ದೋಷಸಂಖ್ಯೆ ಬಂದರೆ ನಿರ್ಬಂಧ ಯಂತ್ರದ ಮೇಲಿದೆ ಎಂದರ್ಥ. ಹೊಸ ಖಾತೆ ತೆರೆದು ಮರಳುವ ಮೋಸಗಾರನನ್ನು ತಡೆಯಲು ಇದು ಉಪಯುಕ್ತವಾದರೂ, ಹಳೆಯ ಗಣಕ ಕೊಂಡವನು, ಅಣ್ಣನ ಗಣಕದಲ್ಲಿ ಆಡುವ ತಮ್ಮ ಇವರ ಪಾಲಿಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಖರೀದಿಸಿ ಖರ್ಚು ಮಾಡದೆ ಉಳಿದ ಆಟದ ನಾಣ್ಯಗಳ ವಿಷಯದಲ್ಲೂ ಹೆಚ್ಚಿನ ಕಂಪನಿಗಳು 'ನಿಮಗೆ ಮಾರಿದ್ದು ಪರವಾನಗಿ ಮಾತ್ರ' ಎಂಬ ಷರತ್ತಿನ ಹಿಂದೆ ನಿಲ್ಲುತ್ತವೆ. ವ್ಯಾಕ್ ಬ್ಯಾನ್ ಆದವನು ಅದೇ ಆಟವನ್ನು ಒಬ್ಬನೇ ಆಡುವುದಕ್ಕೆ ಅಡ್ಡಿಯಿಲ್ಲ ಎಂಬುದನ್ನು ಇಲ್ಲಿ ವಾಲ್ವ್‌ನ ಪರವಾಗಿ ಹೇಳಲೇಬೇಕು.

ಈಗಿನ ಸ್ಥಿತಿಯಲ್ಲಿ ಅಪೀಲು ಹಾಕುವವರು ಕಂಪನಿ ಕೊಡದ ವಿವರಗಳನ್ನು ತಾವೇ ಒದಗಿಸುವುದು ಒಳ್ಳೆಯದು. ಬ್ಯಾನ್ ಸಂದೇಶದ ಚಿತ್ರ, ಕೊನೆಯದಾಗಿ ಆಡಿದ ದಿನ ಮತ್ತು ಸಮಯ, ಡ್ರೈವರ್‌ನ ಆವೃತ್ತಿ, ಹಿನ್ನೆಲೆಯಲ್ಲಿ ನಡೆಯುತ್ತಿದ್ದ ತಂತ್ರಾಂಶಗಳು, ಬಂದಿದ್ದರೆ ಅಪರಿಚಿತ ಲಾಗಿನ್‌ನ ಇಮೇಲ್, ಖರೀದಿಯ ರಸೀದಿಗಳು ಇಷ್ಟನ್ನೂ ಒಂದೇ ಟಿಕೆಟ್‌ನಲ್ಲಿ ಸೇರಿಸಬೇಕು. ಉತ್ತರ ಬರುವ ಮೊದಲೇ ಬೇರೆ ಖಾತೆ ತೆರೆದು ಆಡಬಾರದು. ಬ್ಯಾನ್ ತಪ್ಪಿಸಿಕೊಳ್ಳುವ ಯತ್ನವೆಂದು ಅದನ್ನೇ ಎರಡನೆಯ ಆರೋಪವಾಗಿ ಎಣಿಸುವ ಕಂಪನಿಗಳಿವೆ, ಮತ್ತು ಆ ಆರೋಪ ಸುಳ್ಳೂ ಆಗಿರುವುದಿಲ್ಲ.