ಮೆಟ್ಟಿಲು ಫೀಲರ್ ಗೇಜ್: ಹಳೇ ಪರ್ಕಿನ್ಸ್ ಇಂಜಿನ್ನಿನ ಟ್ಯಾಪೆಟ್ ಕೂರಿಸಿದ ಅನುಭವ

ಫೀಲರ್ ಗೇಜ್ ಅಂದರೆ ಸಣ್ಣ ಗ್ಯಾಪ್ ಅಳೆಯುವ ತೆಳು ಬ್ಲೇಡ್‌ಗಳ ಸೆಟ್. ಈ ಮೆಟ್ಟಿಲು ಗೇಜ್ ಕೊಂಡಿದ್ದು ನನಗೂ ಚಿಕ್ಕಪ್ಪನಿಗೂ ನಡುವೆ ಇದ್ದ ಒಂದು ತಕರಾರು ಮುಗಿಸಲು. ನಮ್ಮದು ಮ್ಯಾಸಿ ಫರ್ಗುಸನ್ 35, ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಇಂಜಿನ್ನಿನದು. ವರ್ಷಗಟ್ಟಲೆ ನಿಂತಿದ್ದ ಗಾಡಿ. ಇಂಜಿನ್ ಪೂರ್ತಿ ಬಿಚ್ಚಿ, ಲೈನರ್, ಪಿಸ್ಟನ್, ಬೇರಿಂಗ್ ಎಲ್ಲ ಹೊಸದು ಹಾಕಿದೆವು. ವಾಲ್ವ್ ಮತ್ತು ಸೀಟ್ ಗ್ರೈಂಡ್ ಮಾಡಿಸಿ ಹೆಡ್ ಕೂರಿಸಿದೆವು. ಕೊನೆಗೆ ಉಳಿದದ್ದು ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಕಾಂಡಕ್ಕೂ ಅದನ್ನು ತಳ್ಳುವ ರಾಕರ್ ತೋಳಿಗೂ ನಡುವಿನ ಸಣ್ಣ ಗ್ಯಾಪ್ ಸರಿಪಡಿಸುವುದು.

ಈ ಇಂಜಿನ್ನಿಗೆ ತಣ್ಣಗಿರುವಾಗ 12 ಥೌ, ಬಿಸಿ ಇರುವಾಗ 10 ಥೌ ಗ್ಯಾಪ್ ಬಿಡಬೇಕು. ಒಂದು ಥೌ ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 12 ಥೌ ಅಂದರೆ ಸುಮಾರು 0.30 ಮಿಲಿಮೀಟರ್. ನಾನು ಹಳೇ ನೇರ ಬ್ಲೇಡಿನ ಗೇಜ್ ಇಟ್ಟು ಕೂರಿಸಿದರೆ ಚಿಕ್ಕಪ್ಪ ಎಳೆದು ನೋಡಿ, "ಬಿಗಿ ಆಯ್ತು ಕಣೋ, ಬ್ಲೇಡೇ ಬರ್ತಿಲ್ಲ" ಎನ್ನುತ್ತಿದ್ದರು. ಅವರು ಕೂರಿಸಿದ್ದನ್ನು ನಾನು ನೋಡಿದರೆ ಸಡಿಲ. ಇಬ್ಬರ ಕೈಯಲ್ಲೂ ಇದ್ದದ್ದು ಅದೇ 12ರ ಬ್ಲೇಡ್. ಎಷ್ಟು ಬಿಗಿಯಾಗಿ ಎಳೆದರೆ ಸರಿ ಅನ್ನುವುದು ಒಬ್ಬೊಬ್ಬರ ಬೆರಳಿಗೆ ಒಂದೊಂದು ಥರ, ಅಲ್ವಾ?

ಹೊಸ ಗೇಜಿನ ಪ್ರತಿ ಬ್ಲೇಡಿನಲ್ಲೂ ಎರಡು ದಪ್ಪ ಇದೆ. ತುದಿ ತೆಳು, ಅದರ ಹಿಂದೆ ಒಂದು ಮೆಟ್ಟಿಲು, ಅಲ್ಲಿಂದ 2 ಥೌ ಜಾಸ್ತಿ ದಪ್ಪ. 12ಕ್ಕೆ ಕೂರಿಸಬೇಕಾದರೆ 11-13 ಎಂದು ಗುರುತು ಇರುವ ಬ್ಲೇಡ್ ಹಿಡಿಯಬೇಕು. 11ರ ತುದಿ ಒಳಗೆ ಹೋಗಬೇಕು, 13ರ ಮೆಟ್ಟಿಲು ತಡೆದು ನಿಲ್ಲಬೇಕು. ಅಷ್ಟೇ. ಎಳೆತ ನೋಡುವ ಕೆಲಸವೇ ಇಲ್ಲ. ಬಂದ ದಿನವೇ ಮೈಕ್ರೋಮೀಟರಿನಲ್ಲಿ ಅಳೆದೆ. ನನಗೆ ಬೇಕಾಗಿದ್ದ ಆ ಬ್ಲೇಡ್ ಬರೆದ ಅಳತೆಗೆ ಸರಿಯಾಗಿಯೇ ಇತ್ತು. ನೀವೂ ಯಾವುದೇ ಹೊಸ ಗೇಜ್ ಬಂದರೆ ಮೊದಲು ಅಳೆಯಿರಿ.

ಕೂರಿಸುವಾಗ ಇಂಜೆಕ್ಟರ್ ಇನ್ನೂ ಹಾಕಿರಲಿಲ್ಲ. ಹಾಗಾಗಿ ಕಂಪ್ರೆಷನ್ ಅಡ್ಡ ಬರಲಿಲ್ಲ, ಕ್ರ್ಯಾಂಕ್ ಕೈಯಲ್ಲೇ ಹಗುರವಾಗಿ ತಿರುಗಿತು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಕ್ರಮ, 1-2-3. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಮೂರು ಸಿಲಿಂಡರ್, ಅಂದರೆ ಒಂದರಿಂದ ಇನ್ನೊಂದಕ್ಕೆ 240 ಡಿಗ್ರಿ. ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಹಾಕಿಕೊಂಡೆ. ಇನ್‌ಲೆಟ್ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬಂದಾಗ ಆ ಸಿಲಿಂಡರಿನ ಎರಡೂ ಪುಶ್ ರಾಡ್ (ರಾಕರನ್ನು ಕೆಳಗಿನಿಂದ ಎತ್ತುವ ಕಡ್ಡಿ) ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ನೀವು ತಪ್ಪು ಸುತ್ತಿನಲ್ಲಿರಬಹುದು, ಇಲ್ಲವೇ ಗ್ಯಾಪೇ ಇಲ್ಲದಿರಬಹುದು. ಗ್ರೈಂಡ್ ಮಾಡಿಸಿದ ಹೆಡ್ಡಿನಲ್ಲಿ ಎರಡನೆಯದು ಆಗುತ್ತದೆ. ವಾಲ್ವ್ ಸೀಟಿನಲ್ಲಿ ಕೆಳಗೆ ಇಳಿದಷ್ಟೂ ಅದರ ಕಾಂಡ ರಾಕರ್ ಕಡೆ ಎದ್ದು ಬರುತ್ತದೆ, ಹಳೇ ಗ್ಯಾಪ್ ತಿಂದು ಹಾಕುತ್ತದೆ. ಅದಕ್ಕೇ ರಾಕರ್ ಶಾಫ್ಟ್ ಬಿಗಿಯುವ ಮೊದಲು ಅಡ್ಜಸ್ಟಿಂಗ್ ಸ್ಕ್ರೂಗಳನ್ನೆಲ್ಲ ಸಡಿಲ ಮಾಡಿಟ್ಟುಕೊಳ್ಳಿ. ಪುಶ್ ರಾಡ್ ಕೆಳಗೆ ಟ್ಯಾಪೆಟ್ಟಿನ ಗುಳಿಯಲ್ಲಿ ಕೂತಿದೆಯಾ ಎಂದು ಒಂದೊಂದಾಗಿ ನೋಡಿ.

ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಚೂರು ಜಾರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ತಲೆನೋವು. ಈ ಗೇಜ್ ನನಗೆ ತುಂಬಾ ಇಷ್ಟವಾಗಿದ್ದು ಇಲ್ಲೇ. ನಟ್ ಬಿಗಿದ ಮೇಲೆ ಬ್ಲೇಡ್ ಒಂದು ಸಲ ತಳ್ಳಿದರೆ ಸಾಕು. ತುದಿಯೇ ಹೋಗದಿದ್ದರೆ ಬಿಗಿ, ಮೆಟ್ಟಿಲೂ ನುಗ್ಗಿದರೆ ಸಡಿಲ. ಸಡಿಲವಾದರೆ ಟಕ ಟಕ ಸದ್ದು, ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಬಿಗಿಯಾದರೆ ಸದ್ದೇ ಇರುವುದಿಲ್ಲ, ಅದೇ ಹೆಚ್ಚು ಅಪಾಯ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಮುಖ್ಯವಾಗಿ ಸೀಟಿಗೆ ಕೊಟ್ಟು ತಣ್ಣಗಾಗುವುದು. ಸೀಟಿಗೆ ಸರಿಯಾಗಿ ಕೂರದಿದ್ದರೆ ಸುಮ್ನೆ ಸುಡುತ್ತಾ ಹೋಗುತ್ತದೆ. ಆರೂ ವಾಲ್ವ್ ನಾನು ಕೂರಿಸಿದೆ, ಚಿಕ್ಕಪ್ಪ ಅದೇ ಬ್ಲೇಡ್ ಹಿಡಿದು ಆರನ್ನೂ ನೋಡಿದರು. "ಸರಿ ಇದೆ ಬಿಡು" ಎಂದರು. ಅವರ ಬಾಯಲ್ಲಿ ಆ ಮಾತು ಬಂದಾಗ ನನಗೆ ಆದ ಖುಷಿ ಹೇಳಲಾರೆ.

ಆದರೆ ಇಂಜಿನ್ ಸ್ಟಾರ್ಟ್ ಮಾಡಿದರೆ ಎರಡನೇ ಸಿಲಿಂಡರಿನಲ್ಲಿ ಟಕ ಟಕ. ನಿಲ್ಲಿಸಿ, ಮತ್ತೆ ಅಳೆದರೆ ಗೇಜ್ ಪ್ರಕಾರ ಸರಿ. ಅರ್ಧ ದಿನ ಹುಡುಕಿದೆವು. ಕೊನೆಗೆ ರಾಕರ್ ಬಿಚ್ಚಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ವಾಲ್ವ್ ಕಾಂಡವನ್ನು ತಳ್ಳುವ ಮುಖ ಸವೆದು ಅಲ್ಲಿ ಸಣ್ಣ ಗುಳಿ ಬಿದ್ದಿತ್ತು. ಅಗಲದ ಬ್ಲೇಡ್ ಗುಳಿಯ ಎರಡು ದಂಡೆಯ ಮೇಲೆ ಸೇತುವೆ ಥರ ಕೂರುತ್ತದೆ. ವಾಲ್ವ್ ಕಾಂಡ ಮಾತ್ರ ಗುಳಿಯೊಳಗೇ ತಾಗುತ್ತದೆ. ಗುಳಿ 5 ಥೌ ಆಳ ಇದ್ದರೆ, 12 ಎಂದು ಕಂಡರೂ ನಿಜವಾದ ಗ್ಯಾಪ್ 17. ಇದು ಈ ಗೇಜಿನ ದೋಷ ಎನ್ನಲಾರೆ, ಯಾವ ಚಪ್ಪಟೆ ಬ್ಲೇಡ್ ಆದರೂ ಹೀಗೇ ಮೋಸ ಹೋಗುತ್ತದೆ. ಡಯಲ್ ಗೇಜಿನ ತಾಗುವ ಕಡ್ಡಿಯನ್ನು ರಾಕರ್ ಮೇಲೆ, ವಾಲ್ವಿನ ನೇರಕ್ಕೆ ಇಟ್ಟು, ರಾಕರನ್ನು ಕೈಯಲ್ಲಿ ಅಲ್ಲಾಡಿಸಿದರೆ ನಿಜವಾದ ಅಳತೆ ಸಿಗುತ್ತದೆ. ಎಣ್ಣೆ ಕಲ್ಲಿನಲ್ಲಿ ಉಜ್ಜಿ ತೆಗೆಯೋಣ ಎಂದುಕೊಂಡೆವು. ಆದರೆ ಆ ಮುಖದ ಗಟ್ಟಿ ಪದರ ತುಂಬಾ ತೆಳು, ನಮ್ಮ ಗುಳಿ ಆಳವಾಗಿತ್ತು. ರಾಕರ್ ಬದಲಿಸಿದೆವು, ಸದ್ದು ನಿಂತಿತು. ಗೇಜ್ ಜೊತೆ ಬಂದ ಚೀಟಿಯಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಇರಬೇಕಿತ್ತು.

ಇಂಜಿನ್ ಬಿಸಿಯಾಗಿ ಹೊಸ ಗ್ಯಾಸ್ಕೆಟ್ ಕೂತ ಮೇಲೆ ಹೆಡ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿದೆವು. ಹೆಡ್ ಚೂರು ಕೆಳಗೆ ಇಳಿದರೂ ಪುಶ್ ರಾಡಿನ ಉದ್ದ ಅಷ್ಟೇ ಇರುತ್ತದಲ್ಲ, ಹಾಗಾಗಿ ಗ್ಯಾಪ್ ಕಡಿಮೆಯಾಗುತ್ತದೆ. ತಣ್ಣಗಾದ ಮೇಲೆ ನೋಡಿದರೆ ಆರರಲ್ಲಿ ನಾಲ್ಕಕ್ಕೆ 11ರ ತುದಿಯೂ ಹೋಗಲಿಲ್ಲ. ಈ ಸಲ ಇಂಜಿನ್ನಿನ ಮೇಲೆ ಡೀಸೆಲ್ ಟ್ಯಾಂಕ್ ಕೂತಿತ್ತು, ಕೈ ಆಡಲು ಜಾಗ ಕಡಿಮೆ. ಬ್ಲೇಡಿನ ಬಾಗಿದ ತುದಿಯ ಬೆಲೆ ಆಗ ಗೊತ್ತಾಯಿತು.

ಬೇಸರದ ವಿಷಯ ಎರಡು. ಬ್ಲೇಡ್‌ಗಳನ್ನು ಹಿಡಿದಿಡುವ ಸ್ಕ್ರೂ ಪದೇ ಪದೇ ಸಡಿಲವಾಗುತ್ತದೆ. ಅಂಕಿಗಳೂ ಬರೀ ಮೇಲ್ಮೈ ಅಚ್ಚು, ಡೀಸೆಲ್ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿದರೆ ಮಾಸುತ್ತವೆ. ಬೇರೆ ಬೇರೆ ಇಂಜಿನ್ ಮಾಡುವವರಿಗೆ ಇದು ಕಷ್ಟ. ನನಗೆ ಬೇಕಾದದ್ದು ಒಂದೇ ಬ್ಲೇಡ್. ಅದನ್ನು ಸೆಟ್ಟಿನಿಂದ ಬಿಚ್ಚಿ, ಹಿಡಿಯುವ ತುದಿಯಲ್ಲಿ 11-13 ಎಂದು ನಾನೇ ಕೊರೆದು, ಎಣ್ಣೆ ಸವರಿ ಟಾರ್ಕ್ ರೆಂಚಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.